ಗಟ್ಟಿಯಾಗಿ ಓದಿದರೆ ಬಿಪಿ ಏರುತ್ತದೆಯೇ? ಮಷೀನಿನ ದೋಷವೋ, ನನ್ನ ಸ್ವಭಾವವೋ?

ತೋಟದಮನೆ

ನಮ್ಮ ಮಾವನವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಪೇಪರ್ ಓದಿ ಹೇಳುವ ಕೆಲಸ ಸದ್ಯಕ್ಕೆ ನನ್ನದು. ಅವರಿಗೆಂದು ತಂದ ಬಿಪಿ ಮಷೀನಿನ ಪಟ್ಟಿಯನ್ನು ಮೊನ್ನೆ ನನ್ನ ತೋಳಿಗೇ ಕಟ್ಟಿಕೊಂಡು ಓದುತ್ತ ಓದುತ್ತಲೇ ಬಟನ್ ಒತ್ತಿದೆ. 148/94 ತೋರಿಸಿತು. ಅದಕ್ಕೂ ಮುಂಚೆ ಸುಮ್ಮನೆ ಕೂತಿದ್ದಾಗ 122/78 ಇತ್ತು. ಅದೇ ಸುದ್ದಿಯನ್ನು ಮನಸ್ಸಿನಲ್ಲೇ ಓದಿಕೊಂಡರೆ 126. ಮಾವ ಸ್ನಾನಕ್ಕೆ ಎದ್ದು ಹೋದ ಮೇಲೆ ಒಬ್ಬಳೇ ಕೂತು ಗಟ್ಟಿಯಾಗಿ ಓದಿದೆ, 135. ಓದಿದ್ದು ಕೊಲೆ ಸುದ್ದಿ ಏನಲ್ಲ, ಅಡಿಕೆ ಧಾರಣೆ. (ಅದೂ ಒಂದು ಥರ ಕೊಲೆ ಸುದ್ದಿಯೇ ಅನ್ನಿ.)

ಯಜಮಾನರು ಮಷೀನು ಸರಿಯಿಲ್ಲ ಅಂತಾರೆ. ಅತ್ತೆ "ಅವಳದ್ದು ಮೊದಲಿಂದಲೂ ಗಾಬರಿ ಜೀವ" ಅಂತಾರೆ. ಯಾರು ಹೇಳೋದು ಸರಿ?

ವಾರ್ಡ್ ಸಿಸ್ಟರ್

ಇಬ್ಬರದೂ ಪೂರ್ತಿ ಸರಿಯಲ್ಲ ಅಕ್ಕ. ಬಿಪಿ ನೋಡುವಾಗ ಮಾತಾಡಬಾರದು ಅನ್ನುವುದು ನಮಗೆ ಟ್ರೈನಿಂಗಿನಲ್ಲಿ ಮೊದಲಿಗೇ ಹೇಳಿಕೊಡುವ ಪಾಠ. ಗಟ್ಟಿಯಾಗಿ ಓದುವುದೂ ಮಾತೇ ಅಲ್ಲವಾ? ಮೇಲಿನ ಅಂಕಿ 10 ಏರುವುದು ಮಾಮೂಲು, ಕೆಲವರಿಗೆ ಇನ್ನೂ ಹೆಚ್ಚು. ನಮ್ಮ ಓಪಿಡಿಗೆ ಬನ್ನಿ, ಪಟ್ಟಿಗೆ ಗಾಳಿ ತುಂಬುವ ಹೊತ್ತಿಗೇ ಸರಿಯಾಗಿ ಸೊಸೆಯ ಪುರಾಣ ಶುರು ಮಾಡುವ ಅಮ್ಮಂದಿರು ಎಷ್ಟು ಜನ ಬೇಕು! "ಒಂದು ನಿಮಿಷ ಸುಮ್ಮನಿರಮ್ಮಾ" ಅಂದರೆ ಅವರಿಗೆ ಸಿಟ್ಟು. ಆ ಸಿಟ್ಟಿಗೆ ಇನ್ನೈದು ಏರುತ್ತದೆ.

ಇನ್ನೊಂದು ವಿಷಯ. ಬಟನ್ ಮಷೀನು ರಕ್ತನಾಳದ ಮಿಡಿತಕ್ಕೆ ಪಟ್ಟಿಯೊಳಗಿನ ಗಾಳಿ ಅದುರುವುದನ್ನು ಹಿಡಿದು ಲೆಕ್ಕ ಹಾಕುತ್ತದೆ. ನೀವು ಪುಟ ಮಗುಚಿದರೆ, ಪೇಪರ್ ಮಡಚಿದರೆ ಆ ಅಲುಗಾಟವೂ ಅದರಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ 148 ಎಂಬ ಅಂಕಿಗೆ ಜೋತು ಬೀಳಬೇಡಿ. ಏರಿತು ಅನ್ನುವುದನ್ನು ಮಾತ್ರ ನಂಬಬಹುದು.

ಲಬ್‌ಡಬ್

ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು. ತೋಟದಮನೆಯವರು ಅಡಿಕೆ ಧಾರಣೆ ಓದುತ್ತ ಮಾಡಿದ್ದನ್ನೇ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಲಿಂಚ್ ಎಂಬ ಮನಶ್ಶಾಸ್ತ್ರಜ್ಞರ ತಂಡ 1980ರ ದಶಕದಲ್ಲಿ ಬಗೆಬಗೆಯಾಗಿ ಮಾಡಿ ನೋಡಿತ್ತು. ಅಲ್ಲಿಯವರೆಗೆ ಯಾಕೆ ಯಾರೂ ಅಷ್ಟಾಗಿ ನೋಡಿರಲಿಲ್ಲ ಗೊತ್ತೇ? 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪಿನಲ್ಲಿ ಶಬ್ದ ಕೇಳಿ ಬಿಪಿ ಅಳೆಯುವ ವಿಧಾನ ತಂದ ಮೇಲೆ, ರೋಗಿ ಬಾಯಿ ಬಿಟ್ಟರೆ ವೈದ್ಯರಿಗೆ ಆ ಶಬ್ದವೇ ಕೇಳಿಸದು. ಹಾಗಾಗಿ ಮಾತಾಡುವ ಮನುಷ್ಯನ ಬಿಪಿ ಅನ್ನುವುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿಮಿಷ ನಿಮಿಷಕ್ಕೂ ತಾನೇ ಅಳೆಯುವ ಯಂತ್ರಗಳು ಬಂದವು, ವಿಷಯ ಬಯಲಾಯಿತು.

ಬಾಯಿ ತೆರೆದು ಅರ್ಧ ನಿಮಿಷ ಆಗುವುದರೊಳಗೆ ಒತ್ತಡ ಏರುತ್ತದೆ, ಸುಮ್ಮನಾದರೆ ಅಷ್ಟೇ ಬೇಗ ಇಳಿಯುತ್ತದೆ. ಮೊದಲೇ ಬಿಪಿ ಹೆಚ್ಚಿದ್ದವರಿಗೆ ಏರಿಕೆಯೂ ಹೆಚ್ಚು. 1982ರ ಒಂದು ಪ್ರಬಂಧದಲ್ಲಿ ಬೇಗ ಬೇಗ ಓದಿಸಿದಾಗ ಸಾಧಾರಣ ವೇಗದ ಓದಿಗಿಂತ ಹೆಚ್ಚು ಏರಿತ್ತು. ಅದೇ ವರ್ಷದ ಇನ್ನೊಂದರಲ್ಲಿ, ಎದುರಿಗಿರುವವರು ತನಗಿಂತ ದೊಡ್ಡ ಸ್ಥಾನದವರು ಅನ್ನಿಸಿದಾಗ ಏರಿಕೆ ಜಾಸ್ತಿ. "ಓಹೋ, ಗಂಟಲಿಗೆ ಶ್ರಮ ಆಗುತ್ತದಲ್ಲ, ಅದಕ್ಕೇ" ಎಂದು ನಮ್ಮ ಹುಡುಗರು ಕ್ಲಾಸಿನಲ್ಲಿ ಕೇಳುತ್ತಾರೆ. ಅವರಿಗೆ ನಾನು ಹೇಳುವುದು 1986ರ ಅಧ್ಯಯನ: ಕಿವಿ ಕೇಳಿಸದವರು ಕೈಸನ್ನೆಯಲ್ಲಿ ಮಾತಾಡುವಾಗಲೂ ಬಿಪಿ ಏರಿತು. ಅಲ್ಲಿ ಗಂಟಲಿನ ಪ್ರಶ್ನೆಯೇ ಇಲ್ಲ. ಇನ್ನೊಬ್ಬರಿಗೆ ಮುಟ್ಟಿಸಬೇಕು ಅನ್ನುವ ಕೆಲಸವೇ ಹೃದಯಕ್ಕೆ ತಟ್ಟುತ್ತದೆ.

ತೋಟದಮನೆಯವರ ಅಂಕಿಗಳನ್ನು ಸಾಲಾಗಿ ನೋಡಿ. ಮೌನ 122, ಮನಸ್ಸಿನಲ್ಲಿ ಓದು 126, ಒಬ್ಬರೇ ಗಟ್ಟಿಯಾಗಿ 135, ಮಾವನವರ ಎದುರು 148. ಓದಿದ ವಿಷಯ ಒಂದೇ. ಬದಲಾದದ್ದು ಬಾಯಿ ಮತ್ತು ಕೇಳುಗ. ಕೇಳುಗ ಬೇರೆ ಮಾವ!

ಬೆಳಗಾವಿ ಕುಂದಾ

ಹಂಗಾದ್ರ ವಕೀಲ್ರು, ಸಾಲಿ ಮಾಸ್ತರ್ರು, ನ್ಯೂಸ್ ಓದೋರು ಎಲ್ಲಾರೂ ಬಿಪಿ ಗುಳಿಗಿ ನುಂಗಬೇಕಲ್ರಿ? ನಮ್ಮ ಅಜ್ಜ ಜೀವನಪೂರ್ತಿ ಕೀರ್ತನಾ ಮಾಡ್ಯಾನ, ತೊಂಬತ್ತು ದಾಟಿ ಹೋದ. ಈ ಸಂಶೋಧನಾ ಮಾಡೋರಿಗೆ ಬ್ಯಾರೆ ಉದ್ಯೋಗ ಇಲ್ಲೇನ್ರಿ?

ಲಬ್‌ಡಬ್

ಏರುವುದು ರೋಗವಲ್ಲ ಸಾರ್. ಮೆಟ್ಟಿಲು ಹತ್ತಿದರೂ ಏರುತ್ತದೆ. ಏರಿದ್ದು ಇಳಿಯದೆ ಉಳಿದರೆ ಆಗ ಮಾತು ಬೇರೆ. ನಿಮ್ಮ ಅಜ್ಜನವರಿಗೆ ಕೀರ್ತನೆ ಅಭ್ಯಾಸವಾಗಿ ಕೂತಿತ್ತು, ಅದೂ ಒಂದು ಕಾರಣ ಇರಬೇಕು. ರಾಬರ್ಟ್ ಜಾಯಂಕ್ ಎಂಬ ಮನಶ್ಶಾಸ್ತ್ರಜ್ಞರು 1965ರಲ್ಲಿ ಒಂದು ವಾದ ಮುಂದಿಟ್ಟರು. ನೋಡುವವರಿದ್ದರೆ ಮೈ ಚುರುಕಾಗುತ್ತದೆ, ಕಲಿತ ಕೆಲಸ ಅದರಿಂದ ಇನ್ನೂ ಚೆನ್ನಾಗಿ ಆಗುತ್ತದೆ, ಕಲಿಯದ ಕೆಲಸ ಕೆಡುತ್ತದೆ ಅಂತ.

ಇನ್ನೊಂದು ಸೂಕ್ಷ್ಮ. ಒತ್ತಡ ಏರಲು ಎರಡು ದಾರಿ: ಪಂಪ್‌ಸೆಟ್ಟು ಜೋರಾಗಿ ನೀರೆತ್ತಬಹುದು, ಇಲ್ಲವೇ ಯಾರೋ ಪೈಪನ್ನು ಹಿಂಡಬಹುದು. ಮೀಟರಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಿಮ್ ಬ್ಲಾಸ್ಕೊವಿಚ್ ಮತ್ತು ಜೋ ಟೊಮಾಕ 1990ರ ದಶಕದಲ್ಲಿ ತೋರಿಸಿದ್ದು ಇದನ್ನೇ. "ಇದು ನನ್ನ ಕೈಲಾಗುತ್ತದೆ" ಅಂದುಕೊಂಡವರಲ್ಲಿ ಹೃದಯ ಹೆಚ್ಚು ರಕ್ತ ದೂಡುತ್ತದೆ, ನಾಳಗಳು ಸಡಿಲವಾಗಿರುತ್ತವೆ. "ಆಗಲ್ಲಪ್ಪ" ಅಂದುಕೊಂಡವರಲ್ಲಿ ನಾಳಗಳು ಬಿಗಿಯುತ್ತವೆ. ನಿಮ್ಮ ಅಜ್ಜನವರದು ಮೊದಲನೆಯ ಗುಂಪು ಅಂತ ನನ್ನ ಊಹೆ.

ಬೆಳಗಾವಿ ಕುಂದಾ

ಇದು ಒಪ್ಪಿದೆ ನೋಡ್ರಿ. ಅಜ್ಜಗ ಜನ ಕಂಡ್ರ ಹುರುಪು.

ಮೈಕ್ ಮುಂದೆ

ಆಕಾಶವಾಣಿಯಲ್ಲಿ ಹಂಗಾಮಿ ವಾರ್ತಾವಾಚಕಿ ಆಗಿದ್ದವಳು ನಾನು. ಕುಂದಾ ಸಾರ್ ನ್ಯೂಸ್ ಓದೋರನ್ನು ಎಳೆದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಎದುರು ಜನವೇ ಇರುವುದಿಲ್ಲ. ಗಾಜಿನಾಚೆ ಡ್ಯೂಟಿ ಆಫೀಸರ್ ಒಬ್ಬರು, ಅವರೂ ಎಷ್ಟೋ ಸಲ ತಲೆ ಬಗ್ಗಿಸಿ ಏನೋ ಬರೆಯುತ್ತಿರುತ್ತಾರೆ. ಆದರೂ ಕೆಂಪು ದೀಪ ಹತ್ತಿದ ಕೂಡಲೇ ಹೆಡ್‌ಫೋನಿನೊಳಗೆ ನನ್ನ ನಾಡಿಯೇ ನನಗೆ ಕೇಳಿಸುತ್ತಿತ್ತು. ಶುರುವಿನಲ್ಲಿ ಮುಖ್ಯಾಂಶ ಓದುವಾಗ ವಾಕ್ಯದ ನಡುವೆ ಉಸಿರು ಕಡಿಮೆ ಬಿದ್ದು, ಕ್ರಿಯಾಪದಕ್ಕೆ ಬರುವಷ್ಟರಲ್ಲಿ ದನಿ ಪಾತಾಳಕ್ಕೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ಮಂತ್ರಿಗಳು "ಭರವಸೆ ನೀಡಿ..." ಅಲ್ಲಿಗೇ ನಿಂತುಬಿಡುತ್ತಿದ್ದರು.

ಹಿರಿಯರೊಬ್ಬರು ಹೇಳಿಕೊಟ್ಟ ಉಪಾಯ: ಹಾಳೆಯ ಮೇಲೆ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಪೆನ್ಸಿಲಿನಲ್ಲಿ ಓರೆ ಗೀಟು ಹಾಕು, ಬುಲೆಟಿನ್ನಿಗೆ ಮುಂಚೆ ಒಮ್ಮೆ ಪೂರ್ತಿ ಗಟ್ಟಿಯಾಗಿ ಓದಿಕೋ. ಅದು ರೂಢಿಯಾದ ಮೇಲೆ ಎದೆಬಡಿತ ಕೇಳಿಸುವುದು ನಿಂತಿತು. ಆದರೆ ಓದುತ್ತಿರುವಾಗಲೇ ಹೊಸ ಹಾಳೆ ತಂದು ಮುಂದಿಟ್ಟು, ಅದರಲ್ಲಿ ಯಾವುದೋ ಪೂರ್ವ ಯುರೋಪಿನ ಪ್ರಧಾನಿಯ ಹೆಸರಿದ್ದರೆ ಮತ್ತೆ ಮೊದಲ ದಿನದ್ದೇ ಕಥೆ. ಅನುಭವ ಅನ್ನುವುದು ಗೊತ್ತಿರುವ ಹಾಳೆಗೆ ಮಾತ್ರ ಲಾಗೂ.

ಕಷಾಯ

ಇದನ್ನೆಲ್ಲ ನಮ್ಮ ಆಯುರ್ವೇದದಲ್ಲಿ ಸಾವಿರಾರು ವರ್ಷದ ಹಿಂದೆಯೇ ಹೇಳಿದ್ದಾರೆ. ಪಿತ್ತ ಪ್ರಕೃತಿಯವರಿಗೆ ಸಿಟ್ಟು, ಬಿಪಿ, ಹೃದಯ ಕಾಯಿಲೆ. ಅಮೆರಿಕದವರು ಅದನ್ನೇ ಕದ್ದು ಟೈಪ್ ಎ, ಟೈಪ್ ಬಿ ಅಂತ ಹೆಸರಿಟ್ಟರು. ತೋಟದಮನೆ ಮೇಡಂ ಪಿತ್ತ ಇರಬೇಕು.

ತೋಟದಮನೆ

ಅತ್ತೆ ಪ್ರಕಾರ ನಾನು ವಾತ. ಇಬ್ಬರೂ ಕೂತು ತೀರ್ಮಾನ ಮಾಡಿ ತಿಳಿಸಿ.

ಅಂಕಿಅಂಶ

ಟೈಪ್ ಎ ಕಥೆ ಬಂದದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ. ಟೈಪ್ ಎ ಅಂದರೆ ಸದಾ ಆತುರ, ಪೈಪೋಟಿ, ಸಿಡುಕಿನ ಸ್ವಭಾವ; ಟೈಪ್ ಬಿ ಅಂದರೆ ನಿಧಾನಸ್ಥರು. ಕದ್ದದ್ದೇನೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಮೆಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಎಂಬ ಹೃದಯತಜ್ಞರು 1959ರಲ್ಲಿ ಮಂಡಿಸಿದ್ದು. ಅವರ ಕ್ಲಿನಿಕ್ಕಿನ ಕುರ್ಚಿಗಳ ಮುಂಭಾಗದ ಅಂಚು ಮಾತ್ರ ಸವೆದಿರುವುದನ್ನು ರಿಪೇರಿಗೆ ಬಂದವನು ಗುರುತಿಸಿದ ಕಥೆ ಪ್ರಸಿದ್ಧ: ಹೃದ್ರೋಗಿಗಳು ಆತುರಗಾರರು, ಕುರ್ಚಿ ತುದಿಯಲ್ಲೇ ಕೂರುತ್ತಾರೆ ಅಂತ. ಆಮೇಲೆ ಕ್ಯಾಲಿಫೋರ್ನಿಯಾದ 39ರಿಂದ 59 ವಯಸ್ಸಿನ 3,154 ಗಂಡಸರನ್ನು ಎಂಟೂವರೆ ವರ್ಷ ಹಿಂಬಾಲಿಸಿ 1975ರಲ್ಲಿ ಫಲಿತಾಂಶ ಕೊಟ್ಟರು. ಟೈಪ್ ಎ ಜನಕ್ಕೆ ಹೃದ್ರೋಗ ಸುಮಾರು ಎರಡು ಪಟ್ಟು. ನಮ್ಮ ವಿಷಯಕ್ಕೆ ಹತ್ತಿರದ್ದು ಏನೆಂದರೆ, ಟೈಪ್ ಎ ಹೌದೋ ಅಲ್ಲವೋ ಎಂದು ಅವರು ಗುರುತು ಮಾಡುತ್ತಿದ್ದದ್ದು ಸಂದರ್ಶನದಲ್ಲಿ. ಅಲ್ಲಿ ಏನು ಉತ್ತರ ಕೊಟ್ಟ ಅನ್ನುವುದಕ್ಕಿಂತ ಹೇಗೆ ಮಾತಾಡಿದ ಅನ್ನುವುದಕ್ಕೆ ಬೆಲೆ. ಜೋರು ದನಿ, ವೇಗ, ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ.

ಆದರೆ 1988ರಲ್ಲಿ ಅದೇ ಜನರ ಪೈಕಿ ಹೃದ್ರೋಗ ಬಂದಿದ್ದ 257 ಮಂದಿಯನ್ನು ಮತ್ತೆ ನೋಡಿದಾಗ ಲೆಕ್ಕ ತಿರುಗಿತು. ಮುಂದೆ ಸತ್ತವರ ಪ್ರಮಾಣ ಟೈಪ್ ಎಗಿಂತ ಟೈಪ್ ಬಿ ಜನರಲ್ಲೇ ಹೆಚ್ಚು. ಇನ್ನೊಂದು ಕಡೆ, ತಂಬಾಕು ಕಂಪನಿಗಳು ಈ ಸಂಶೋಧನೆಗೆ ದಂಡಿಯಾಗಿ ಹಣ ಸುರಿದಿದ್ದು ಅವುಗಳದೇ ಕಡತಗಳಿಂದ ಹೊರಬಿತ್ತು. ತಪ್ಪು ಸಿಗರೇಟಿನದಲ್ಲ, ನಿನ್ನ ಸ್ವಭಾವದ್ದು ಅಂದುಬಿಟ್ಟರೆ ಅವರಿಗೆ ಸುಖ ತಾನೆ. ಸ್ವಭಾವದ ಮೇಲೆ ಹಾಕುವ ಮಾತು ಯಾರ ಬಾಯಿಂದ ಬಂದರೂ (ಅತ್ತೆಯವರು ಕ್ಷಮಿಸಲಿ) ಒಮ್ಮೆ ಹಿಂದೆ ಮುಂದೆ ನೋಡುವುದು ಒಳ್ಳೆಯದು.

ಹಾಗಂತ ಸ್ವಭಾವಕ್ಕೆ ಪಾತ್ರವೇ ಇಲ್ಲ ಎಂದಲ್ಲ. ಟೈಪ್ ಎ ಎಂಬ ಮೂಟೆಯಿಂದ ಆತುರ, ಮಹತ್ವಾಕಾಂಕ್ಷೆ ಎಲ್ಲ ಉದುರಿಹೋದ ಮೇಲೂ ಗಟ್ಟಿಯಾಗಿ ಉಳಿದದ್ದು ಹಗೆತನ, ಅಂದರೆ ಎಲ್ಲರೂ ಮೋಸಗಾರರೇ ಎಂಬ ಅಪನಂಬಿಕೆಯ ಸ್ವಭಾವ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ವಾರೆಜ್ ಮತ್ತು ರೆಡ್‌ಫರ್ಡ್ ವಿಲಿಯಮ್ಸ್ 1989ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ತುಂಬ ಇಷ್ಟ. ಯುವಕರಿಗೆ ಅಕ್ಷರ ಜೋಡಿಸಿ ಪದ ಮಾಡುವ ಕೆಲಸ ಕೊಟ್ಟರು. ಅರ್ಧ ಜನರನ್ನು ಅವರ ಪಾಡಿಗೆ ಬಿಟ್ಟರು, ಇನ್ನರ್ಧಕ್ಕೆ ಸಹಾಯಕ ನಡುನಡುವೆ ಚುಚ್ಚುಮಾತು ಆಡುತ್ತಿದ್ದ. ಚುಚ್ಚದೆ ಇದ್ದಾಗ ಹಗೆ ಸ್ವಭಾವದವರಿಗೂ ಉಳಿದವರಿಗೂ ಬಿಪಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಚುಚ್ಚಿದಾಗ ಹಗೆ ಸ್ವಭಾವದವರದು ಜಿಗಿಯಿತು. ಅಂದರೆ ಸ್ವಭಾವ ಸುಮ್ಮನೆ ಮೈಯೊಳಗೆ ಕೂತು ಬಿಪಿ ಏರಿಸುವುದಿಲ್ಲ. ಅದನ್ನು ಕೆಣಕುವ ಸನ್ನಿವೇಶ ಬೇಕು. ಸಂಕೋಚದವರಿಗೆ ಬೇರೆ ಸನ್ನಿವೇಶ, ಸಿಡುಕರಿಗೆ ಬೇರೆ. ಒಬ್ಬರೇ ಇದ್ದಾಗ 135ಕ್ಕೆ ನಿಂತವರನ್ನು "ಗಾಬರಿ ಜೀವ" ಅನ್ನಲು ನನ್ನ ಬಳಿ ಆಧಾರ ಇಲ್ಲ.

ಕಷಾಯ

ತಂಬಾಕು ವಿಷಯ ಗೊತ್ತಿರಲಿಲ್ಲ. ಆದರೂ ಪಿತ್ತ ಪಿತ್ತವೇ.

ಷಟ್ಪದಿ

ಗಮಕ ಮಾಡುವವನಾಗಿ ನನ್ನದೊಂದು ತಕರಾರು. ನೀವೆಲ್ಲ ಗಟ್ಟಿ ಓದು ಅಂದರೆ ಏರುವುದು ಅಂತಲೇ ಹೊರಟಿದ್ದೀರಿ. ಪದ್ಯ ಓದಿದರೆ ನನಗೆ ಮೈ ಹಗುರ ಆಗುತ್ತದಲ್ಲ, ಅದು ಹೇಗೆ?

ಇಟಲಿಯ ಲುಚಿಯಾನೊ ಬೆರ್ನಾರ್ಡಿ ತಂಡ 2001ರಲ್ಲಿ 23 ಜನರ ಮೇಲೆ ಮಾಡಿದ ಪ್ರಯೋಗ ಓದಿದ್ದೇನೆ. ಲ್ಯಾಟಿನ್ನಿನಲ್ಲಿ ಜಪಮಣಿ ಪ್ರಾರ್ಥನೆಯನ್ನೂ, 'ಓಂ ಮಣಿ ಪದ್ಮೆ' ಮಂತ್ರವನ್ನೂ ಹೇಳಿಸಿದರೆ, ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಬಂದು ನಿಂತಿತು. ರಕ್ತದೊತ್ತಡದಲ್ಲಿ ತಾನಾಗಿಯೇ ಸುಮಾರು 10 ಸೆಕೆಂಡಿಗೊಂದು ಅಲೆ ಎದ್ದು ಬೀಳುತ್ತಿರುತ್ತದಂತೆ, ಉಸಿರು ಅದಕ್ಕೆ ಕೂಡಿಕೊಂಡಿತು. 2004ರಲ್ಲಿ ಜರ್ಮನ್ ಮಾತಾಡುವವರಿಂದ ಹೋಮರನ ಛಂದಸ್ಸಿನ ಪದ್ಯ ಓದಿಸಿದಾಗಲೂ ಎದೆಬಡಿತ, ಉಸಿರು ಒಂದರ ಹೆಜ್ಜೆಗೆ ಇನ್ನೊಂದು ಹೆಜ್ಜೆ ಹಾಕಿದವು.

ಈಗ ಭಾಮಿನಿ ಷಟ್ಪದಿಗೆ ಬನ್ನಿ. 1, 2, 4, 5ನೇ ಸಾಲಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಅರ್ಧ ಪದ್ಯಕ್ಕೆ 51 ಮಾತ್ರೆ. ಸೆಕೆಂಡಿಗೆ 5 ಮಾತ್ರೆ ಹಿಡಿದರೆ ಸುಮಾರು 10 ಸೆಕೆಂಡು. ಮೂರನೇ ಸಾಲಿನ ಕೊನೆಯ ಗುರು ಎಳೆದು ಅಲ್ಲಿ ಉಸಿರು ತೆಗೆದುಕೊಂಡರೆ ನಿಮಿಷಕ್ಕೆ ಸರಿಯಾಗಿ ಆರು! ಇದು ನನ್ನ ಲೆಕ್ಕ, ಯಾವ ಪ್ರಯೋಗಾಲಯದ್ದೂ ಅಲ್ಲ.

ಮೈಕ್ ಮುಂದೆ

ಷಟ್ಪದಿಯವರೇ, ಲೆಕ್ಕ ಚೆಂದ ಇದೆ. ಆದರೆ ಗಮಕದಲ್ಲಿ ರಾಗ ವಿಸ್ತರಿಸುತ್ತ ಹೋದರೆ ಒಂದೊಂದು ಸಾಲಿಗೇ ಉಸಿರು ಬೇಕು. ರಾಗ ಎಳೆಯದೆ ಸರಳವಾಗಿ ಓದುತ್ತ ಹೋದರೆ ಮಾತ್ರ ನಿಮ್ಮ ಆರು.

ಷಟ್ಪದಿ

ಒಪ್ಪಿದೆ. ವಾಚನದ ಲೆಕ್ಕ ಅದು, ರಾಗಾಲಾಪದ್ದಲ್ಲ.

ಲಬ್‌ಡಬ್

ಷಟ್ಪದಿಯವರ ತಕರಾರು ಸರಿಯಾದ ಜಾಗಕ್ಕೇ ಬಿದ್ದಿದೆ. ಬೆರ್ನಾರ್ಡಿಯವರೇ 2000ದಲ್ಲಿ ಇನ್ನೊಂದು ಮಾಡಿದ್ದರು: ಮೌನವಾಗಿ ಓದುವುದು, ಗಟ್ಟಿಯಾಗಿ ಓದುವುದು, ಮನಸ್ಸಿನಲ್ಲಿ ಲೆಕ್ಕ, ಗಟ್ಟಿಯಾಗಿ ಲೆಕ್ಕ. ಮೌನವಾಗಿ ಓದುವಾಗ ಉಸಿರು ತುಸು ವೇಗವಾಯಿತು, ಒತ್ತಡವೂ ಸ್ವಲ್ಪ ಏರಿತು. (ತೋಟದಮನೆಯವರ 126 ನೆನಪಿದೆಯೇ?) ಗಟ್ಟಿಯಾಗಿ ಓದುವಾಗ ಉಸಿರು ನಿಧಾನವಾಯಿತು, ಯಾಕೆಂದರೆ ಮಾತೆಲ್ಲ ಉಸಿರು ಬಿಡುವಾಗಲೇ ಆಗಬೇಕು. ಉಸಿರೆಳೆದಾಗ ಹೃದಯ ತುಸು ಓಡುತ್ತದೆ, ಬಿಟ್ಟಾಗ ವೇಗಸ್ ನರ ಹಿಡಿತ ಹಾಕಿ ನಿಧಾನಿಸುತ್ತದೆ. ಉದ್ದನೆಯ ಉಸಿರಿನ ಓದು ಆ ಹಿಡಿತಕ್ಕೆ ಕಾಲಾವಕಾಶ ಕೊಡುತ್ತದೆ. ಏದುಸಿರಿನಲ್ಲಿ, ಯಾರೋ ತಪ್ಪು ಹಿಡಿಯುತ್ತಾರೆಂಬ ಅಂಜಿಕೆಯಲ್ಲಿ ಓದಿದರೆ ಆ ಅವಕಾಶವೇ ಇಲ್ಲ. ಎರಡೂ "ಗಟ್ಟಿ ಓದು"ಗಳೇ, ಆದರೆ ದೇಹಕ್ಕೆ ಬೇರೆ ಬೇರೆ ಕೆಲಸ.

ನಮ್ಮ ಬೆಂಗಳೂರಿನಲ್ಲೇ ಶರ್ಲಿ ಟೆಲ್ಲಸ್, ನಾಗರತ್ನ, ನಾಗೇಂದ್ರ ಅವರು 1995ರಲ್ಲಿ ಧ್ಯಾನದಲ್ಲಿ ಪಳಗಿದ 7 ಮಂದಿ ಮನಸ್ಸಿನಲ್ಲೇ ಓಂಕಾರ ಹೇಳಿಕೊಳ್ಳುವಾಗ ಹೃದಯ ಬಡಿತ ಇಳಿದದ್ದನ್ನು ದಾಖಲಿಸಿದ್ದಾರೆ. ಏಳೇ ಜನ, ಅದೂ ಪಳಗಿದವರು. ನಾಳೆ ಬೆಳಿಗ್ಗೆ ಕೂತು ಓಂ ಅಂದ ಕೂಡಲೇ ಮಾತ್ರೆ ಬಿಡಬಹುದು ಅಂತ ಯಾರೂ ತಿಳಿಯಬೇಡಿ.

ಪುಟ್ಟಿಯಮ್ಮ

ನಾನು ಸುಮ್ಮನೆ ಓದುತ್ತಿದ್ದೆ, ಈಗ ಕೇಳಲೇಬೇಕು ಅನ್ನಿಸಿತು. ನನ್ನ ಮಗಳು ಮನೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಚೆನ್ನಾಗಿ ಓದುತ್ತಾಳೆ. ಶಾಲೆಯಲ್ಲಿ ನಿಲ್ಲಿಸಿ ಓದು ಅಂದರೆ ಅಂಗೈ ಬೆವರಿ ಪುಸ್ತಕದ ಅಂಚು ಒದ್ದೆ. ಎದೆ ಢವಢವ ಅನ್ನುತ್ತದೆ ಅಂತ ಬಂದು ಹೇಳುತ್ತಾಳೆ. ಮೊದಲಿಂದಲೂ ನಾಚಿಕೆ ಸ್ವಭಾವ. ಏನು ಮಾಡಲಿ?

ಅಂಕಿಅಂಶ

ಲಿಂಚ್ ಅವರ ಜೊತೆ ಕೆಲಸ ಮಾಡಿದ ಎರಿಕಾ ಫ್ರೀಡ್‌ಮನ್ 1983ರಲ್ಲಿ ಮಕ್ಕಳಿಂದ ಗಟ್ಟಿಯಾಗಿ ಓದಿಸಿ ನೋಡಿದರು. ಕೋಣೆಯಲ್ಲಿ ಒಂದು ಸಾಧು ನಾಯಿ ಇದ್ದಾಗ ಬಿಪಿ ಕಡಿಮೆ ಇತ್ತು. ಮೊದಲಿಂದಲೇ ನಾಯಿ ಇದ್ದರೆ ಇನ್ನೂ ಒಳ್ಳೆಯದು. 1999ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಮಕ್ಕಳನ್ನು ನಾಯಿಗಳಿಗೆ ಕಥೆ ಓದಿ ಹೇಳಿಸುವ ಕಾರ್ಯಕ್ರಮ ಗ್ರಂಥಾಲಯದಲ್ಲಿ ಶುರುವಾಯಿತು. ನಾಯಿ ತಪ್ಪು ತಿದ್ದುವುದಿಲ್ಲ, ನಗುವುದಿಲ್ಲ. ನಿಮ್ಮ ಮನೆಯಲ್ಲಿ ನಾಯಿ ಇಲ್ಲದಿದ್ದರೆ ಪುಟ್ಟ ತಮ್ಮನೋ ಅಜ್ಜಿಯೋ ಆದೀತು, ನಡುವೆ ಬಾಯಿ ಹಾಕದಿದ್ದರೆ ಸಾಕು.

ಮೈಕ್ ಮುಂದೆ

ಟೀಚರ್ ಹತ್ತಿರ ಮಾತಾಡಿ, ನಾಳೆ ಯಾವ ಪ್ಯಾರಾ ಓದಿಸುತ್ತಾರೆ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಪೆನ್ಸಿಲ್ ಗೀಟು ಹಾಕಿಸಿ. ನಿಧಾನ ಓದಲಿ. ಬೇಗ ಮುಗಿಸಿ ಕೂತುಬಿಡೋಣ ಅನ್ನುವ ಧಾವಂತವೇ ಎದೆ ಹಾರಿಸುತ್ತದೆ, ಮೇಲೆ 1982ರದ್ದು ಹೇಳಿದರಲ್ಲ.

ಬೆಳಗಾವಿ ಕುಂದಾ

ಅವ್ವಾ, ಮಗಳಿಗೆ "ನೀ ನಾಚಿಕಿ ಸ್ವಭಾವದಕಿ" ಅಂತ ಮಂದಿ ಮುಂದ ಹೇಳಬ್ಯಾಡ್ರಿ. ಅದನ್ನ ಕೇಳಿ ಕೇಳಿ ಹಂಗ ಆಗ್ತಾವ ಮಕ್ಕಳು.

ಕಷಾಯ

ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದದ್ದು: "ಕೇವಲ 6 ನಿಮಿಷ ಪುಸ್ತಕ ಓದಿದರೆ ಒತ್ತಡ ಶೇ. 68 ಕಡಿಮೆ, ಬ್ರಿಟನ್ ವಿಜ್ಞಾನಿಗಳ ಸಂಶೋಧನೆ." ಇದು ನಿಜವಾ?

ಅಂಕಿಅಂಶ

2009ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಹೆಸರಲ್ಲಿ ಸುದ್ದಿಯಾದದ್ದು. ವಿದ್ವತ್ ಪತ್ರಿಕೆಯಲ್ಲಿ ಪ್ರಬಂಧವಾಗಿ ಬರಲೇ ಇಲ್ಲ, ನೇರ ದಿನಪತ್ರಿಕೆಗೆ ಹೋಯಿತು. ಪುಸ್ತಕ ಓದಿ, ಬೇಡ ಅನ್ನುವವರು ಯಾರು? 68ನ್ನು ಮಾತ್ರ ಫಾರ್ವರ್ಡ್ ಮಾಡಬೇಡಿ.

ತೋಟದಮನೆ

ಎಲ್ಲರಿಗೂ ಧನ್ಯವಾದ. ಹಾಗಾದರೆ ನನ್ನ ನಿಜವಾದ ಬಿಪಿ ಯಾವುದು? ಡಾಕ್ಟರ ಹತ್ತಿರ ಹೋದರೆ ಅಲ್ಲೂ 140ರ ಮೇಲೇ ಬರುತ್ತದೆ.

ವಾರ್ಡ್ ಸಿಸ್ಟರ್

ಡಾಕ್ಟರ ಎದುರು ಏರುವುದಕ್ಕೆ ಬಿಳಿ ಕೋಟಿನ ಬಿಪಿ ಅಂತಾರೆ. ಮಿಲಾನಿನ ಮಾನ್ಚಿಯಾ ಎಂಬ ವೈದ್ಯರು 1983ರಲ್ಲಿ ರಕ್ತನಾಳದೊಳಗೇ ನಳಿಕೆ ಇಟ್ಟು ನೋಡಿದ್ದಾರೆ. ಡಾಕ್ಟರು ಹಾಸಿಗೆ ಹತ್ತಿರ ಬಂದು ಬಿಪಿ ನೋಡಲು ಹೊರಟ ನಾಲ್ಕು ನಿಮಿಷದೊಳಗೆ ಸರಾಸರಿ ಮೇಲಿನದು 27, ಕೆಳಗಿನದು 15 ಏರಿತಂತೆ. ಆಮೇಲೆ ನರ್ಸ್ ಹೋಗಿ ನೋಡಿದರೆ ಏರಿಕೆ ಸುಮಾರು ಅರ್ಧ. ಇದನ್ನು ನಮ್ಮ ಡ್ಯೂಟಿ ರೂಮಿನಲ್ಲಿ ಫ್ರೇಮ್ ಹಾಕಿಸಬೇಕು ಅಂತಿದ್ದೇನೆ.

ನೀವು ಮನೆಯಲ್ಲಿ ಹೀಗೆ ಮಾಡಿ. ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ ಬೇಡ. ಬಾತ್‌ರೂಮಿಗೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಪಟ್ಟಿ ಬರೀ ತೋಳಿಗೆ, ರವಿಕೆ ತೋಳಿನ ಮೇಲಲ್ಲ. ತೋಳು ಎದೆ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ ಇಡಿ. 5 ನಿಮಿಷ ಸುಮ್ಮನೆ ಕೂತು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ, ಸಂಜೆ, ಒಂದು ವಾರ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ದಾಟಿದರೆ ಹೆಚ್ಚು ಅಂತ ಲೆಕ್ಕ, ಆಸ್ಪತ್ರೆಯಲ್ಲಾದರೆ 140/90. ಆ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ, ಅವರೇ ನೋಡಿ ಹೇಳುತ್ತಾರೆ. ಅಲ್ಲಿಯವರೆಗೆ ಓದುವಾಗ ಪಟ್ಟಿ ಕಟ್ಟಿಕೊಳ್ಳಬೇಡಿ.

ತೋಟದಮನೆ

ಎಡಗೈಯೋ ಬಲಗೈಯೋ?

ವಾರ್ಡ್ ಸಿಸ್ಟರ್

ಮೊದಲ ದಿನ ಎರಡರಲ್ಲೂ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆಲ್ಲ ಅದೇ ಕೈ. ಎರಡಕ್ಕೂ 10ಕ್ಕಿಂತ ಜಾಸ್ತಿ ವ್ಯತ್ಯಾಸ ಮತ್ತೆ ಮತ್ತೆ ಬಂದರೆ ಅದನ್ನೂ ಡಾಕ್ಟರಿಗೆ ಹೇಳಿ.